ವಿಮಾನವೋ ಹಡಗೋ: ರೇಟ್ ಕೇಳುವ ಮೊದಲು ಟೇಪ್ ಹಿಡಿಯಿರಿ

ಚನ್ನಪಟ್ಟಣದ ಗೊಂಬೆಗೆ ಜರ್ಮನಿಯಿಂದ ಆರ್ಡರ್ ಬಂದಿದೆ ಎಂದುಕೊಳ್ಳಿ. ಒಟ್ಟು 40 ಬಾಕ್ಸ್, ತಲುಪಬೇಕಾದದ್ದು ಹ್ಯಾಂಬರ್ಗ್‌ನ ಗೋದಾಮಿಗೆ. ಎಲ್ಲರೂ ಮೊದಲು ಮಾಡುವ ಕೆಲಸ ಒಂದೇ. ಸರಕು ಸಾಗಣೆಯ ಏರ್ಪಾಡು ಮಾಡಿಕೊಡುವ ಫಾರ್ವರ್ಡಿಂಗ್ ಏಜೆಂಟರಿಗೆ ಫೋನ್ ಹಚ್ಚಿ ‘ಏರ್‌ಗೆ ಎಷ್ಟು, ಸೀಗೆ ಎಷ್ಟು?’ ಅಂತ ಕೇಳುವುದು. ಏರ್‌ನವರು ಕೆಜಿಗೆ ಇಷ್ಟು ಅನ್ನುತ್ತಾರೆ, ಹಡಗಿನವರು ಘನ ಮೀಟರ್‌ಗೆ ಇಷ್ಟು ಅನ್ನುತ್ತಾರೆ. ಅಳತೆಯೇ ಬೇರೆ ಬೇರೆ ಇರುವಾಗ ಹೋಲಿಸುವುದು ಹೇಗೆ?

ಬೆಂಗಳೂರು ಸುತ್ತಮುತ್ತಲ ಗುಲಾಬಿಗೆ ಈ ತಲೆನೋವಿಲ್ಲ, ಅದು ವಿಮಾನದಲ್ಲೇ ಹೋಗಬೇಕು. ಉಪ್ಪುನೀರಿನ ಡ್ರಮ್ಮಿನಲ್ಲಿರುವ ಮಿಡಿಸೌತೆಗೂ ಇಲ್ಲ, ಅದಕ್ಕೆ ಹಡಗೇ ಸರಿ. ಯೋಚನೆ ಬೇಕಾದದ್ದು ಗೊಂಬೆಯಂಥ ನಡುವಿನ ಸರಕಿಗೆ.

ಮೊದಲು ಬಾಕ್ಸ್ ಅಳೆಯಿರಿ

ನಮ್ಮ ಬಾಕ್ಸ್ 60 ಸೆಂ.ಮೀ. ಉದ್ದ, 40 ಅಗಲ, 40 ಎತ್ತರ. ತೂಕ 12 ಕೆಜಿ. 40 ಬಾಕ್ಸ್‌ಗೆ 480 ಕೆಜಿ ಆಯಿತು. ಆದರೆ ಏರ್‌ಲೈನ್ ಬಿಲ್ ಮಾಡುವುದು ಅಷ್ಟಕ್ಕೇ ಅಲ್ಲ. ಮೂರೂ ಅಳತೆ ಗುಣಿಸಿ 6,000ದಿಂದ ಭಾಗಿಸುತ್ತಾರೆ. ಇಲ್ಲಿ ಬಾಕ್ಸ್‌ಗೆ 16 ಕೆಜಿ ಬರುತ್ತದೆ, ಒಟ್ಟು 640. ನಿಜವಾದ ತೂಕ, ಗಾತ್ರದ ತೂಕ ಇವೆರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ಅಂದರೆ 160 ಕೆಜಿಯಷ್ಟು ಬರೀ ಗಾಳಿಗೆ ಬಾಡಿಗೆ ಕಟ್ಟುತ್ತಿದ್ದೀರಿ. ಕೊರಿಯರ್ ಕಂಪನಿಗಳು ಸಾಮಾನ್ಯವಾಗಿ 5,000ದಿಂದ ಭಾಗಿಸುತ್ತವೆ. ಅಲ್ಲಿ ಇನ್ನೂ ಜಾಸ್ತಿ.

ಈಗ ಬಾಕ್ಸ್ ಎತ್ತರವನ್ನು 40ರಿಂದ 35ಕ್ಕೆ ಇಳಿಸಿ ನೋಡಿ. ಗೊಂಬೆಗಳನ್ನು ತಲೆಕೆಳಗು ಮಾಡಿ ಒಂದರ ಸಂದಿಯಲ್ಲಿ ಇನ್ನೊಂದು ಕೂರಿಸಿದರೆ ಬಹಳ ಸಲ ಇಷ್ಟು ಜಾಗ ಸಿಗುತ್ತದೆ. ಬಾಕ್ಸ್‌ಗೆ 14 ಕೆಜಿ, ಒಟ್ಟು 560. ಲೆಕ್ಕಕ್ಕೆ ಕೆಜಿಗೆ 200 ರೂಪಾಯಿ ಅಂತಿಟ್ಟುಕೊಂಡರೆ 16,000 ರೂಪಾಯಿ ಉಳಿಯಿತು. ಏಜೆಂಟರ ಜತೆ ಎಷ್ಟು ಚೌಕಾಸಿ ಮಾಡಿದರೂ ಇಷ್ಟು ಇಳಿಯುವುದು ಕಷ್ಟ.

ಏರ್ ದರಕ್ಕೆ ಸ್ಲ್ಯಾಬ್‌ಗಳೂ ಇವೆ: 45, 100, 300, 500 ಕೆಜಿ, ಹೀಗೆ. ಮೇಲಿನ ಸ್ಲ್ಯಾಬ್‌ಗೆ ಹೋದಷ್ಟೂ ಕೆಜಿ ದರ ಕಡಿಮೆ. 280 ಕೆಜಿಗೆ 215 ರೂಪಾಯಿಯಂತೆ 60,200 ಆದರೆ, 300 ಕೆಜಿಗೇ ಬಿಲ್ ಮಾಡಿಸಿ 195ರಂತೆ ಕಟ್ಟಿದರೆ 58,500. ಇದು ಒಪ್ಪಿತ ಪದ್ಧತಿ. ಕೇಳಿದರೆ ಮಾಡಿಕೊಡುತ್ತಾರೆ.

ಹಡಗಿನಲ್ಲಿ ಸರಕು ಎಷ್ಟು ಘನ ಮೀಟರ್, ಎಷ್ಟು ಟನ್ ಅಂತ ನೋಡಿ, ಯಾವ ಸಂಖ್ಯೆ ದೊಡ್ಡದೋ ಅದಕ್ಕೆ ದರ ಹಾಕುತ್ತಾರೆ. ನಮ್ಮ ಮೂಲ ಬಾಕ್ಸ್‌ಗಳು 3.84 ಘನ ಮೀಟರ್. ಕಂಟೇನರ್ ತುಂಬುವಷ್ಟಿಲ್ಲ, ಹಾಗಾಗಿ ಬೇರೆಯವರ ಸರಕಿನ ಜತೆ ಹಂಚಿಕೊಳ್ಳುವ ಎಲ್‌ಸಿಎಲ್. 20 ಅಡಿ ಕಂಟೇನರ್ ಒಳಗೆ 33 ಘನ ಮೀಟರ್ ಜಾಗವಿದೆ. ನಿಮ್ಮ ಸರಕು ಅದರ ಅರ್ಧದ ಹತ್ತಿರ ಬಂದಾಗ ಪೂರ್ತಿ ಕಂಟೇನರಿನ ದರವನ್ನೂ ಕೇಳಿ.

ಬಾಗಿಲಿನಿಂದ ಬಾಗಿಲಿಗೆ ದರದ ಕೋಟ್ ತೆಗೆದುಕೊಳ್ಳಿ

ಹಡಗಿನ ಕೋಟ್‌ನಲ್ಲಿ ಮೋಸ ಹೋಗುವುದು ಇಲ್ಲೇ. ಸುಮ್ನೆ ಕೊಟ್ಟಂತೆ ಕಾಣುವ ಎಲ್‌ಸಿಎಲ್ ದರ ಬಂದರೆ ಅನುಮಾನ ಪಡಿ. ಆ ದುಡ್ಡನ್ನು ಆ ಕಡೆಯ ಬಂದರಿನಲ್ಲಿ ವಸೂಲಿ ಮಾಡುವುದುಂಟು. ಕಂಟೇನರ್ ಬಿಚ್ಚಿ ಸರಕು ಬೇರ್ಪಡಿಸುವ ಖರ್ಚು, ಟರ್ಮಿನಲ್ ಖರ್ಚು, ಡೆಲಿವರಿ ಆರ್ಡರ್ (ಸರಕು ಬಿಟ್ಟುಕೊಡುವ ಪತ್ರ) ಶುಲ್ಕ ಎಲ್ಲ ಸೇರಿ ಬಿಲ್ಲು ನಿಮ್ಮ ಗ್ರಾಹಕರ ಕೈಗೆ ಹೋಗುತ್ತದೆ. ಸಿಐಎಫ್, ಅಂದರೆ ಆ ಕಡೆಯ ಬಂದರಿನವರೆಗಿನ ಸಾಗಣೆ ಮತ್ತು ವಿಮೆ ಸೇರಿಸಿ ಬೆಲೆ ಹೇಳಿದ್ದರೂ ಸಾಮಾನ್ಯವಾಗಿ ಇವು ಕೊಳ್ಳುವವರ ತಲೆಗೇ. ಮುಂದಿನ ಆರ್ಡರ್ ಯಾಕೆ ಬರಲಿಲ್ಲ ಅಂತ ಆಮೇಲೆ ಯೋಚಿಸುತ್ತಾ ಕೂರುವುದಕ್ಕಿಂತ ಮೊದಲೇ ಬರೆಸಿಕೊಳ್ಳುವುದು ಮೇಲು, ಅಲ್ವಾ?

ಚನ್ನಪಟ್ಟಣದಿಂದ ವೈಟ್‌ಫೀಲ್ಡ್‌ನ ಕಂಟೇನರ್ ಡಿಪೋ, ಅಲ್ಲಿಂದ ಚೆನ್ನೈ ಬಂದರು, ಹ್ಯಾಂಬರ್ಗ್, ಕೊನೆಗೆ ಗೋದಾಮು. ಪ್ರತಿ ಹಂತಕ್ಕೂ ಒಂದು ಸಾಲು ಇರಲಿ. ಏರ್‌ಗೂ ಹೀಗೆಯೇ: ಇಂಧನ ಸರ್‌ಚಾರ್ಜ್, ಸೆಕ್ಯುರಿಟಿ ತಪಾಸಣೆ, ಫ್ರಾಂಕ್‌ಫರ್ಟ್‌ನಲ್ಲಿ ಇಳಿದರೆ ಅಲ್ಲಿಂದ ಲಾರಿ.

ದಿನಗಳಿಗೂ ಬೆಲೆ ಕಟ್ಟಿ

ವಿಮಾನದಲ್ಲಾದರೆ ಕಸ್ಟಮ್ಸ್ ಎಲ್ಲ ಸೇರಿ ಸುಮಾರು ಒಂದು ವಾರ. ಹಡಗು ಸೂಯೆಜ್ ಕಾಲುವೆ ದಾಟಿ ಹೋದರೆ ಒಂದು ತಿಂಗಳ ಆಸುಪಾಸು. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ ಬಹುತೇಕ ಕಂಪನಿಗಳು ಆಫ್ರಿಕಾವನ್ನೇ ಸುತ್ತಿ ಹೋಗತೊಡಗಿದವು. ಆ ಸುತ್ತಿಗೆ ಸುಮಾರು 10ರಿಂದ 14 ದಿನ ಹೆಚ್ಚು ಹಿಡಿಯುತ್ತದೆ. ಎಲ್‌ಸಿಎಲ್ ಆದರೆ ಕಂಟೇನರ್ ತುಂಬುವವರೆಗೆ ಕಾಯುವ ದಿನಗಳೂ ಸೇರುತ್ತವೆ. ಬುಕ್ ಮಾಡುವಾಗ ಯಾವ ದಾರಿ ಅಂತ ಕೇಳಿಯೇ ಕೇಳಿ.

ಸರಕಿನ ಬೆಲೆ 6 ಲಕ್ಷ, ಸಾಲದ ಬಡ್ಡಿ ಶೇ 12, ಹಡಗಿಗೆ 40 ದಿನ ಹೆಚ್ಚು ಎಂದರೆ ಬಡ್ಡಿಯೇ ಸುಮಾರು 7,900 ರೂಪಾಯಿ. ಇದನ್ನು ಹಡಗಿನ ಖರ್ಚಿಗೆ ಸೇರಿಸಿ. ಆದರೂ ನಮ್ಮ ಗೊಂಬೆಗೆ ಹಡಗೇ ಅಗ್ಗ ಆಗುವುದು ಹೆಚ್ಚು. ಅದೇ ತೂಕದ ರೇಷ್ಮೆಯಾದರೆ ಬೆಲೆಯೂ ದೊಡ್ಡದು, ಬಡ್ಡಿಯೂ ದೊಡ್ಡದು. ಅಂತರ ಬೇಗ ಕರಗುತ್ತದೆ.

ಕಾಗದ, ತೇವ, ವಿಮೆ

ಹಡಗಿನ ಬಿಲ್ ಆಫ್ ಲೇಡಿಂಗ್ ಸರಕಿನ ಒಡೆತನದ ಪತ್ರ. ಅದರ ಅಸಲು ಪ್ರತಿ ನಿಮ್ಮ ಬಳಿ ಅಥವಾ ಬ್ಯಾಂಕಿನಲ್ಲಿ ಇರುವ ತನಕ ಕೊಳ್ಳುವವರು ದುಡ್ಡು ಕೊಡದೆ ಸರಕು ಬಿಡಿಸುವಂತಿಲ್ಲ. ವಿಮಾನದ ಸಾಗಣೆ ಪತ್ರವಾದ ಏರ್‌ವೇ ಬಿಲ್‌ಗೆ ಆ ಬಲ ಇಲ್ಲ. ಅದರಲ್ಲಿ ಹೆಸರಿರುವವರಿಗೆ ಸರಕು ಸಿಕ್ಕಿಬಿಡುತ್ತದೆ. ಹೊಸ ಗ್ರಾಹಕರಾದರೆ ಮುಂಗಡ ತೆಗೆದುಕೊಳ್ಳಿ. ಇಲ್ಲವೇ ಅವರ ಬ್ಯಾಂಕ್ ಒಪ್ಪಿದರೆ, ಸರಕು ಪಡೆಯುವವರ ಜಾಗದಲ್ಲಿ ಬ್ಯಾಂಕಿನ ಹೆಸರು ಹಾಕಿಸಿ.

ಕಂಟೇನರ್ ಒಳಗೆ ಹಗಲು ಕಾವು, ರಾತ್ರಿ ತಂಪು. ಚಾವಣಿಯಲ್ಲಿ ನೀರು ಕಟ್ಟಿ ಬಾಕ್ಸ್ ಮೇಲೆ ತೊಟ್ಟಿಕ್ಕುತ್ತದೆ. ಮರದ ಗೊಂಬೆಗೆ ಇದೇ ದೊಡ್ಡ ಶತ್ರು. ಒಳಗೆ ಪ್ಲಾಸ್ಟಿಕ್ ಹೊದಿಕೆ, ತೇವ ಹೀರುವ ಸಿಲಿಕಾ ಪೊಟ್ಟಣ ಇರಲಿ. ಮರದ ಪ್ಯಾಲೆಟ್ ಬಳಸಿದರೆ ಏರ್ ಇರಲಿ ಸೀ ಇರಲಿ, ಅದರ ಮೇಲೆ ಐಎಸ್‌ಪಿಎಂ 15 ಮುದ್ರೆ (ಮರಕ್ಕೆ ಕೀಟ ಹರಡದಂತೆ ಸಂಸ್ಕರಣೆ ಆಗಿದೆ ಎಂಬ ಗುರುತು) ಬೇಕು.

ಸಣ್ಣ ಸರಕಿಗೆ ವಿಮೆ ಯಾಕೆ ಅನ್ನಬೇಡಿ. ಸಮುದ್ರದಲ್ಲಿ ಹಡಗು ಉಳಿಸಲು ಆದ ಖರ್ಚನ್ನು ಸರಕಿನ ಮಾಲೀಕರೆಲ್ಲ ಹಂಚಿಕೊಳ್ಳಬೇಕೆಂಬ ಹಳೇ ನಿಯಮವಿದೆ. 2021ರಲ್ಲಿ ಸೂಯೆಜ್‌ನಲ್ಲಿ ಸಿಕ್ಕಿಬಿದ್ದ ಎವರ್ ಗಿವನ್ ಹಡಗಿನಲ್ಲೂ ಇದನ್ನೇ ಘೋಷಿಸಿದರು. ವಿಮೆ ಇಲ್ಲದಿದ್ದರೆ, ನಿಮ್ಮ ಬಾಕ್ಸ್‌ಗೆ ಗೀರು ಬೀಳದಿದ್ದರೂ ಆ ದುಡ್ಡು ನೀವೇ ಕಟ್ಟಬೇಕಾಗುತ್ತದೆ.

ಎರಡನ್ನೂ ಬೆರೆಸಬಹುದು

ಎಲ್ಲ 40 ಬಾಕ್ಸೂ ಒಂದೇ ದಾರಿ ಹಿಡಿಯಬೇಕು ಅಂತ ಎಲ್ಲೂ ಬರೆದಿಲ್ಲ. ಅಂಗಡಿಯ ಶೆಲ್ಫ್ ತುಂಬುವಷ್ಟು ಐದಾರು ಬಾಕ್ಸ್ ವಿಮಾನದಲ್ಲಿ ಕಳಿಸಿ, ಉಳಿದದ್ದು ಹಡಗಿನಲ್ಲಿ ನಿಧಾನವಾಗಿ ಬರಲಿ. ಕ್ರಿಸ್‌ಮಸ್ ಮಾರಾಟದ ಆರ್ಡರ್ ಆದರೆ ಅಕ್ಟೋಬರ್ ಹೊತ್ತಿಗೆ ಸರಕು ಗೋದಾಮಿನಲ್ಲಿರಬೇಕು. ಅಲ್ಲಿಂದ ಹಿಂದಕ್ಕೆ ಎಣಿಸಿ: ಆಗಸ್ಟ್ ಮೊದಲ ವಾರ ವೈಟ್‌ಫೀಲ್ಡ್‌ಗೆ ಸರಕು ಹೋಗಬೇಕು, ಜುಲೈನಲ್ಲೇ ಬುಕಿಂಗ್ ಆಗಿರಬೇಕು.