ಸಿಯೋಲ್‌ನಲ್ಲಿ ಸ್ಕ್ರೀನ್ ಗಾಲ್ಫ್: ಮೊದಲ ಸಲ ಆಡುವವರಿಗೆ

ದಕ್ಷಿಣ ಕೊರಿಯಾದ ರಾಜಧಾನಿ ಸಿಯೋಲ್‌ನಲ್ಲಿ ಮೈದಾನದ ಗಾಲ್ಫ್ ದುಬಾರಿ, ಚಳಿಗಾಲವೂ ಕಠಿಣ. ಹಾಗಾಗಿ ಸಂಜೆ ಕೆಲಸ ಮುಗಿಸಿದವರು ಸ್ನೇಹಿತರೊಡನೆ ವಾಣಿಜ್ಯ ಕಟ್ಟಡಗಳ ಒಳಗಿರುವ ಸ್ಕ್ರೀನ್ ಗಾಲ್ಫ್ ಕೇಂದ್ರಗಳಿಗೆ ಹೋಗುವುದು ಅಲ್ಲಿ ಸಾಮಾನ್ಯ. ಕೋಣೆಯೊಳಗೆ ನಿಜವಾದ ಚೆಂಡನ್ನು ದೊಡ್ಡ ಪರದೆಯತ್ತ ಹೊಡೆದರೆ, ಯಂತ್ರ ಆ ಹೊಡೆತವನ್ನು ಅಳೆದು ಚೆಂಡು ಮುಂದೆ ಸಾಗುವ ಹಾದಿಯನ್ನು ಪರದೆಯ ಮೇಲಿನ ಮೈದಾನದಲ್ಲಿ ತೋರಿಸುವ ಆಟವಿದು. ಉದ್ಯೋಗದ ನಿಮಿತ್ತ ಆ ನಗರದಲ್ಲಿರುವ ಕನ್ನಡಿಗರು ಈ ಆಟ ಕಲಿಯಲು ಅದಕ್ಕಿಂತ ಸುಲಭವಾದ ದಾರಿ ಇಲ್ಲವೆಂದೇ ನನ್ನ ಅಭಿಪ್ರಾಯ.

ಸಾಮಾನ್ಯವಾಗಿ ಒಬ್ಬರಿಗೆ 18 ಕುಳಿಗಳ ಆಟಕ್ಕೆ ಇಷ್ಟು ಎಂದು ಶುಲ್ಕ ಪಡೆಯುತ್ತಾರೆ. ವಾರದ ದಿನಗಳ ಹಗಲಿನಲ್ಲಿ ದರ ಕಡಿಮೆ. ಸಂಜೆ ಮತ್ತು ವಾರಾಂತ್ಯಕ್ಕೆ ಮುಂಗಡವಾಗಿ ಕೋಣೆ ಕಾಯ್ದಿರಿಸಿಕೊಳ್ಳಬೇಕು. ಚೆಂಡು ಹೊಡೆಯುವ ಕೋಲುಗಳಾದ ಕ್ಲಬ್‌ಗಳು ಬಹುತೇಕ ಕಡೆ ಅಲ್ಲಿಯೇ ಸಿಗುತ್ತವೆ. ನಾಲ್ವರು ಆಡಿದರೆ ಮೂರು ತಾಸಿಗೂ ಹೆಚ್ಚು ಹಿಡಿಯಬಹುದು.

ಕೇಂದ್ರವನ್ನು ಆಯ್ದುಕೊಳ್ಳುವಾಗ ಪರದೆಯ ಅಂದಕ್ಕೆ ಮರುಳಾಗದೆ ಕಾಲ ಕೆಳಗಿನ ನೆಲವನ್ನು ಗಮನಿಸಿ. 2000ರಲ್ಲಿ ಸ್ಥಾಪನೆಯಾದ ಗಾಲ್ಫ್‌ಝೋನ್ ಕಂಪನಿಯ ಯಂತ್ರಗಳಿರುವ ಹಲವು ಕೋಣೆಗಳಲ್ಲಿ, ಪರದೆಯ ಮೇಲೆ ಚೆಂಡು ಇಳಿಜಾರಿನಲ್ಲಿ ಬಿದ್ದಿದ್ದರೆ ನೀವು ನಿಂತ ಹಲಗೆಯೂ ಅದೇ ದಿಕ್ಕಿಗೆ ವಾಲುತ್ತದೆ. ಫೇರ್‌ವೇ (ಒಪ್ಪವಾಗಿ ಕತ್ತರಿಸಿದ ಹುಲ್ಲಿನ ಹಾದಿ), ರಫ್ (ಅದರ ಬದಿಯ ಉದ್ದ ಹುಲ್ಲು) ಮತ್ತು ಬಂಕರ್‌ಗಳಿಗೆ (ಮರಳಿನ ಗುಂಡಿಗಳು) ಬೇರೆ ಬೇರೆ ಮ್ಯಾಟ್‌ಗಳಿರುತ್ತವೆ. ಈ ವ್ಯವಸ್ಥೆಯಿರುವ ಕೋಣೆಗೆ ತುಸು ಹೆಚ್ಚು ಹಣ ತೆತ್ತರೂ ನಷ್ಟವಿಲ್ಲ, ಏಕೆಂದರೆ ಸದಾ ಸಮತಟ್ಟಾದ ನೆಲದ ಮೇಲೆ ಕಲಿತ ಹೊಡೆತ ಮೈದಾನದಲ್ಲಿ ಕೈಕೊಡುತ್ತದೆ. ಎಡಗೈ ಆಟಗಾರರು ತಮಗೆ ಅನುಕೂಲವಿರುವ ಕೋಣೆಯಿದೆಯೇ ಎಂದು ಮೊದಲೇ ವಿಚಾರಿಸಬೇಕು.

ಮೊದಲ ದಿನ ನೇರವಾಗಿ ಪಂದ್ಯಕ್ಕೆ ಇಳಿಯದೆ ಅಭ್ಯಾಸದ ಆಯ್ಕೆಯನ್ನು ಒತ್ತಿ, ಮಧ್ಯಮ ಉದ್ದದ ಒಂದೇ ಐರನ್ (ಚಪ್ಪಟೆ ಲೋಹದ ತಲೆಯ ಕ್ಲಬ್) ಹಿಡಿದು ನಿಧಾನವಾಗಿ ಹೊಡೆಯಿರಿ. ಸೆನ್ಸರ್ ಅಳೆದ ಚೆಂಡಿನ ವೇಗ, ಮೇಲೇಳುವ ಕೋನ ಮತ್ತು ದಿಕ್ಕು ಪ್ರತಿ ಹೊಡೆತದ ನಂತರ ಪರದೆಯ ಮೇಲೆ ಮೂಡುತ್ತವೆ. ದೂರದ ಅಂಕಿಯೊಂದನ್ನೇ ನೋಡಿ ಹಿಗ್ಗಬೇಡಿ. ಸತತವಾಗಿ ಹೊಡೆದ ಚೆಂಡುಗಳು ಒಂದೇ ದಿಕ್ಕಿಗೆ ಹೋಗುತ್ತಿವೆಯೇ ಎಂಬುದನ್ನು ನೋಡಿ. ಒಬ್ಬರು ಕ್ಲಬ್ ಎತ್ತಿದಾಗ ಉಳಿದವರು ಹಿಂದಿನ ಆಸನಗಳಲ್ಲೇ ಕುಳಿತಿರಬೇಕು. ಇಕ್ಕಟ್ಟಾದ ಕೋಣೆಯಲ್ಲಿ ಈ ನಿಯಮಕ್ಕೆ ವಿನಾಯಿತಿ ಇರಬಾರದು.

ಹೊಸಬರನ್ನು ಹೆಚ್ಚು ಕಾಡುವುದು ಪಟ್ಟಿಂಗ್, ಅಂದರೆ ಚೆಂಡನ್ನು ನೆಲದ ಮೇಲೆ ಉರುಳಿಸಿ ಕುಳಿಗೆ ಹಾಕುವುದು. ಚೆಂಡು ನಿಜವಾಗಿ ಉರುಳುವುದು ಪರದೆಯವರೆಗೆ ಮಾತ್ರ; ಉಳಿದ ದೂರವನ್ನು ಯಂತ್ರ ಚೆಂಡಿನ ವೇಗ ಮತ್ತು ದಿಕ್ಕಿನಿಂದ ಲೆಕ್ಕ ಹಾಕುತ್ತದೆ. ಆದ್ದರಿಂದ ಪರದೆಯಲ್ಲಿ ಮೀಟರ್‌ಗಳಲ್ಲಿ ತೋರಿಸುವ ದೂರವನ್ನೂ ಏರಿಳಿತವನ್ನೂ ಓದಿಕೊಂಡು, ಕುಳಿ ಏರಿನಲ್ಲಿದ್ದರೆ ತುಸು ಬಿರುಸಾಗಿ, ಇಳಿಜಾರಿನಲ್ಲಿದ್ದರೆ ಮೆತ್ತಗೆ ತಳ್ಳಬೇಕು.