ಹಲ್ಲಿನ ಸೆಟ್ಟು ಸಡಿಲವಾದರೆ ಪೇಸ್ಟ್ ಹಚ್ಚುವ ಮುಂಚೆ

ಹಲ್ಲಿನ ಸೆಟ್ಟು ಕೂರುತ್ತಿಲ್ಲ ಅಂತ ನನ್ನ ಕ್ಲಿನಿಕ್ಕಿಗೆ ಬರುವವರು ಬಾಯಿ ತೆರೆದು ತೋರಿಸುವ ಮೊದಲೇ ಕೇಳುವ ಮಾತು ಒಂದಿದೆ. "ಡಾಕ್ಟ್ರೇ, ಅಂಟಿಸೋಕೆ ಯಾವ ಪೇಸ್ಟ್ ಒಳ್ಳೇದು? ಬರ್ದುಕೊಡಿ." ಎಷ್ಟೋ ಜನ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದು, ಹಚ್ಚಿಕೊಂಡೇ ಬಂದಿರುತ್ತಾರೆ. ಪೇಸ್ಟ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಬೇಕಾದವರಿಗೆ ನಾನೇ ಬರೆದುಕೊಡುತ್ತೇನೆ. ಆದರೆ ಸೆಟ್ಟು ಯಾಕೆ ಸಡಿಲವಾಯಿತು ಅಂತ ತಿಳಿಯುವವರೆಗೆ ಬರೆಯುವುದಿಲ್ಲ. ಹಾಸನದ ಕಡೆಯ ಸಣ್ಣ ಊರಲ್ಲಿ ಸೆಟ್ಟು ಕಟ್ಟುವ ಕೆಲಸವನ್ನೇ ಹೆಚ್ಚಾಗಿ ಮಾಡುವ ನಾನು ಇದನ್ನು ಒಂದು ನಿಯಮವಾಗಿ ಇಟ್ಟುಕೊಂಡಿದ್ದೇನೆ.

ಪೇಸ್ಟ್ ಬಳಸುವವರಿಗೆ ನನ್ನ ಮೊದಲ ಪ್ರಶ್ನೆ: ಒಂದು ಟ್ಯೂಬ್ ಎಷ್ಟು ದಿನ ಬರುತ್ತೆ? ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ ಒಂದು ಲೆಕ್ಕ ಕೊಟ್ಟಿದೆ. 2.4 ಔನ್ಸಿನ ಟ್ಯೂಬ್, ಅಂದರೆ ಸುಮಾರು 68 ಗ್ರಾಂ, ಮೇಲಿನ ಮತ್ತು ಕೆಳಗಿನ ಎರಡೂ ಸೆಟ್ಟು ಹಾಕುವವರಿಗೆ 7ರಿಂದ 8 ವಾರ ಬರಬೇಕು. ಅಂದರೆ ದಿನಕ್ಕೆ ಒಂದೂಕಾಲು ಗ್ರಾಂ ಆಸುಪಾಸು. ಇಪ್ಪತ್ತು ಗ್ರಾಮಿನ ಸಣ್ಣ ಟ್ಯೂಬ್ ಆದರೆ ಎರಡು ವಾರ ಬರಬೇಕು. ನಾಲ್ಕೈದು ದಿನಕ್ಕೇ ಖಾಲಿಯಾಗುತ್ತಿದೆ ಅಂದರೆ ಅಲ್ಲಿಗೆ ಗೊತ್ತಾಯಿತು, ಸೆಟ್ಟು ಮತ್ತು ವಸಡಿನ ನಡುವೆ ಬಿದ್ದಿರುವ ಜಾಗವನ್ನು ಅವರು ಪೇಸ್ಟಿನಿಂದ ತುಂಬಿಸುತ್ತಿದ್ದಾರೆ.

ಇದು ಬರೀ ದುಡ್ಡಿನ ಮಾತಲ್ಲ. ಕೆಲವು ಪೇಸ್ಟುಗಳಲ್ಲಿ ಅಂಟು ಗಟ್ಟಿಯಾಗಲಿ ಅಂತ ಜಿಂಕ್, ಅಂದರೆ ಸತು, ಸೇರಿಸುತ್ತಾರೆ. ಹಚ್ಚಿದ ಪೇಸ್ಟು ದಿನವಿಡೀ ಸ್ವಲ್ಪ ಸ್ವಲ್ಪ ಹೊಟ್ಟೆಗೆ ಹೋಗುತ್ತೆ. ಹೇಳಿದಷ್ಟೇ ಬಳಸಿದರೆ ತೊಂದರೆ ಇಲ್ಲ. ಮಿತಿಮೀರಿ ಬಳಸಿ ಜಿಂಕ್ ಜಾಸ್ತಿಯಾದರೆ ಕರುಳು ತಾಮ್ರವನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ತಾಮ್ರ ಕಮ್ಮಿಯಾದರೆ ರಕ್ತ ಕಡಿಮೆಯಾಗುತ್ತೆ, ನರ ಕೆಡುತ್ತೆ. ಕಾಲು ಜೋಮು ಹಿಡಿಯುತ್ತೆ, ನಡಿಗೆ ತಪ್ಪುತ್ತೆ. ಟೆಕ್ಸಾಸಿನ ವೈದ್ಯರು 2008ರಲ್ಲಿ ಇಂಥ ನಾಲ್ವರ ಬಗ್ಗೆ ವರದಿ ಮಾಡಿದರು. ಆ ನಾಲ್ವರೂ ವರ್ಷಗಟ್ಟಲೆ ವಾರಕ್ಕೆ ಎರಡು ಟ್ಯೂಬೋ ಇನ್ನೂ ಹೆಚ್ಚೋ ಬಳಸಿದವರು. 2010ರಲ್ಲಿ ಗ್ಲಾಕ್ಸೋಸ್ಮಿತ್‌ಕ್ಲೈನ್ ಕಂಪನಿ ತನ್ನ ಜಿಂಕ್ ಇರುವ ಪೇಸ್ಟುಗಳನ್ನು ನಿಲ್ಲಿಸಿತು. ಕೆಟ್ಟ ನರ ಪೂರ್ತಿ ಸರಿಹೋಗುತ್ತೆ ಅನ್ನೋ ಖಾತ್ರಿ ಇಲ್ಲ. ಹಾಗಾಗಿ ನಾನು ಜಿಂಕ್ ಇಲ್ಲದ ಪೇಸ್ಟನ್ನೇ ಬರೆಯುತ್ತೇನೆ. ಡಬ್ಬದ ಮೇಲೆ ಎಲ್ಲಿ ಓದಬೇಕು ಅಂತ ಮನೆಯವರಿಗೆ ಬೆರಳಿಟ್ಟು ತೋರಿಸುತ್ತೇನೆ. ಈಗಾಗಲೇ ತುಂಬಾ ಬಳಸಿ ಕೈಕಾಲು ಜೋಮು ಅನ್ನುವವರನ್ನು ನರದ ಡಾಕ್ಟರ ಹತ್ತಿರ ಕಳಿಸುತ್ತೇನೆ. ಸಕ್ಕರೆ ಕಾಯಿಲೆಯಿಂದ ಇರಬಹುದು ಅಂತ ಸುಮ್ನೆ ಬಿಡುವುದಿಲ್ಲ.

ಸೆಟ್ಟು ಸಡಿಲವಾಗುವುದಕ್ಕೆ ದೊಡ್ಡ ಕಾರಣ ದವಡೆಯ ಮೂಳೆ ಸವೆಯುವುದು. ಹಲ್ಲು ಕೀಳಿಸಿದ ಮೊದಲ ವರ್ಷ ಈ ಸವೆತ ಜಾಸ್ತಿ. ಆಮೇಲೆ ನಿಧಾನವಾಗುತ್ತೆ, ಆದರೆ ನಿಲ್ಲುವುದಿಲ್ಲ. ಆಂಟ್ಯೆ ಟಾಲ್‌ಗ್ರೆನ್ ಅನ್ನುವವರು 25 ವರ್ಷಗಳ ಅಧ್ಯಯನ ಮಾಡಿ 1972ರಲ್ಲಿ ಪ್ರಕಟಿಸಿದರು. ಕೆಳದವಡೆ ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಸವೆಯುತ್ತೆ ಅಂತ ಅದರಲ್ಲಿ ಕಂಡಿತು. ನನ್ನ ಹತ್ತಿರ ಬರುವ ದೂರುಗಳಲ್ಲೂ ಮುಕ್ಕಾಲು ಪಾಲು ಕೆಳಗಿನ ಸೆಟ್ಟಿನದೇ. ಮೇಲಿನ ಸೆಟ್ಟಿಗೆ ಅಂಗುಳದ ಅಗಲವಾದ ಆಸರೆ ಇದೆ. ಒದ್ದೆ ಮಾಡಿದ ಎರಡು ಗಾಜು ಒಂದಕ್ಕೊಂದು ಕಚ್ಚಿಕೊಳ್ಳುವ ಹಾಗೆ ತೆಳು ಜೊಲ್ಲಿನ ಮೇಲೆ ಅದು ನಿಲ್ಲುತ್ತೆ. ಕೆಳಗಿನದಕ್ಕೆ ಆ ಅಗಲ ಇಲ್ಲ. ಮಧ್ಯದಲ್ಲಿ ನಾಲಿಗೆ ಬೇರೆ ಎತ್ತುತ್ತಾ ಇರುತ್ತೆ.

ನಮ್ಮ ಕಡೆ ಇನ್ನೊಂದು ವಿಷಯವಿದೆ. ಮುದ್ದೆ ಉಣ್ಣುವವರಿಗೆ ಹಲ್ಲೇ ಬೇಡ, ನುಂಗಿದರೆ ಆಯಿತು. ಹಾಗಾಗಿ ಸೆಟ್ಟು ಕಟ್ಟಿಸಿಕೊಂಡು ಡಬ್ಬದಲ್ಲಿ ಒಣಗಲು ಬಿಡುತ್ತಾರೆ. ಮೊಮ್ಮಗಳ ಮದುವೆಗೋ, ಡಾಕ್ಟರು ಚಪಾತಿ ತಿನ್ನಿ ಅಂದಾಗಲೋ ತೆಗೆಯುತ್ತಾರೆ. ಅಷ್ಟರಲ್ಲಿ ಮೂಳೆ ಬದಲಾಗಿರುತ್ತೆ. ನೀರಿಲ್ಲದೆ ಇಟ್ಟ ಸೆಟ್ಟೂ ಸ್ವಲ್ಪ ಸೊಟ್ಟಗಾಗಿರುತ್ತೆ. ಅದನ್ನು ಯಾವ ಪೇಸ್ಟೂ ಸರಿಮಾಡುವುದಿಲ್ಲ.

ಪರೀಕ್ಷೆ ಹೀಗೆ ಮಾಡುತ್ತೇನೆ. ಮೊದಲು ಸೆಟ್ಟು ತೆಗೆಸಿ, ವಸಡನ್ನು ಗಾಜ್ ಬಟ್ಟೆಯಿಂದ ಒರೆಸಿ ಬೆಳಕಿನಲ್ಲಿ ನೋಡುತ್ತೇನೆ. ಅಂಗುಳ ಸೆಟ್ಟಿನ ಆಕಾರಕ್ಕೇ ಕೆಂಪಾಗಿದ್ದರೆ ಬೂಷ್ಟಿನ ಸೋಂಕು. ರಾತ್ರಿಯೂ ಸೆಟ್ಟು ತೆಗೆಯದವರಲ್ಲಿ ಇದು ಹೆಚ್ಚು. ಆಮೇಲೆ ಸೆಟ್ಟು ಕೂರಿಸಿ ತೋರುಬೆರಳಿನಿಂದ ಬಲಗಡೆ ಒತ್ತುತ್ತೇನೆ, ಎಡಗಡೆ ಒತ್ತುತ್ತೇನೆ. ಒಂದು ಕಡೆ ಒತ್ತಿದಾಗ ಇನ್ನೊಂದು ಕಡೆ ಎದ್ದರೆ ಕೆಳಗೆ ಖಾಲಿ ಜಾಗ ಇದೆ ಅಂತ. ಒತ್ತಿದಾಗ ಅಲುಗಾಡದೆ, ಕಚ್ಚಿದಾಗ ಮಾತ್ರ ಜಾರಿದರೆ ತಪ್ಪು ಕಚ್ಚುವಿಕೆಯಲ್ಲಿದೆ. ಹಲ್ಲಿನ ತುದಿಗಳನ್ನು ತುಸು ಉಜ್ಜಿ ಸಮ ಮಾಡಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತೆ.

ಒಬ್ಬ ಅಜ್ಜಿಯ ನೆನಪು. ಊಟ ಮಾಡುವಾಗ ಕೆಳಗಿನ ಸೆಟ್ಟು ಎದ್ದು ಬರುತ್ತೆ, ನೋವು ಬೇರೆ, ಅದಕ್ಕೇ ದಪ್ಪಗೆ ಪೇಸ್ಟ್ ಹಚ್ಚುತ್ತಿದ್ದರು. "ಇದು ಇಲ್ದಿದ್ರೆ ಒಂದು ತುತ್ತೂ ಆಗಲ್ಲ ಕಣವ್ವ" ಅಂದರು. ಸೆಟ್ಟಿನ ಒಳಮೈಗೆ ಬಿಳಿ ಬಣ್ಣದ ಪರೀಕ್ಷಾ ಪೇಸ್ಟನ್ನು ಬ್ರಶ್ಶಿನಲ್ಲಿ ತೆಳುವಾಗಿ ಬಳಿದು ಕೂರಿಸಿದೆ. ತೆಗೆದು ನೋಡಿದರೆ ಎಲ್ಲ ಕಡೆ ಬಿಳಿ ಹಾಗೇ ಇತ್ತು. ಎಡಗಡೆ ನಾಲಿಗೆಯ ಪಕ್ಕದ ಅಂಚಿನಲ್ಲಿ ಮಾತ್ರ ಅಳಿಸಿಹೋಗಿ ಕೆಳಗಿನ ಗುಲಾಬಿ ಬಣ್ಣ ಕಾಣುತ್ತಿತ್ತು. ಬಾಯಲ್ಲಿ ಸರಿಯಾಗಿ ಅದೇ ಜಾಗದಲ್ಲಿ ಹುಣ್ಣು. ಅಂಚು ಉದ್ದವಾಗಿತ್ತು, ನಾಲಿಗೆ ಎತ್ತಿದಾಗಲೆಲ್ಲ ಸೆಟ್ಟನ್ನೂ ಎತ್ತುತ್ತಿತ್ತು. ಅಷ್ಟನ್ನು ಉಜ್ಜಿ ನಯ ಮಾಡಿದೆ. ಹುಣ್ಣು ವಾಸಿಯಾಗುವವರೆಗೆ ಊಟದ ಹೊತ್ತಿಗೆ ಮಾತ್ರ ಹಾಕಿ ಅಂದೆ. ಮತ್ತೆ ಬಂದಾಗ ಅವರು ಪೇಸ್ಟ್ ಬಿಟ್ಟಿದ್ದರು. ಹುಣ್ಣಿನ ಮೇಲೆ ಯಾವತ್ತೂ ಪೇಸ್ಟ್ ಹಚ್ಚಬಾರದು. ಅಂಚು ಉಜ್ಜಿದ ಮೇಲೂ ಎರಡು ವಾರದಲ್ಲಿ ಮಾಯದ ಹುಣ್ಣನ್ನು ನಾನು ಮುಂದಿನ ಪರೀಕ್ಷೆಗೆ ಕಳಿಸುತ್ತೇನೆ. ಹೊಗೆಸೊಪ್ಪು, ಎಲೆಅಡಿಕೆ ಹಾಕುವವರಲ್ಲಂತೂ ತಡ ಮಾಡುವುದೇ ಇಲ್ಲ.

ಹಾಗಾದರೆ ಪೇಸ್ಟ್ ಯಾರಿಗೆ? ಸೆಟ್ಟು ಚೆನ್ನಾಗಿದ್ದರೂ ಬಾಯಲ್ಲಿ ಜೊಲ್ಲು ಕಮ್ಮಿ ಇರುವವರಿಗೆ. ಪಾರ್ಶ್ವವಾಯು, ಪಾರ್ಕಿನ್ಸನ್ಸ್ ಇದ್ದು ತುಟಿ, ಕೆನ್ನೆ, ನಾಲಿಗೆಯ ಹಿಡಿತ ತಪ್ಪಿದವರಿಗೆ. ಹೊಸ ಸೆಟ್ಟು ರೂಢಿಯಾಗುವವರೆಗೆ ಧೈರ್ಯ ಬೇಕಾದವರಿಗೆ. ವೇದಿಕೆ ಮೇಲೆ ಮಾತಾಡುವವರು, ಹಾಡುವವರು ಕೇಳಿದರೂ ಇಲ್ಲ ಅನ್ನುವುದಿಲ್ಲ. ಬಾಯಿ ಒಣಗುವವರ ಮಾತ್ರೆಗಳ ಚೀಟಿಯನ್ನೂ ನೋಡುತ್ತೇನೆ. ಅಲರ್ಜಿ, ಖಿನ್ನತೆ, ಮೂತ್ರದ ತೊಂದರೆಗೆ ಕೊಡುವ ಕೆಲವು ಮಾತ್ರೆ ಬಾಯಿ ಒಣಗಿಸುತ್ತವೆ. ಮಾತ್ರೆ ಬದಲಿಸುವುದು ಬರೆದುಕೊಟ್ಟ ಡಾಕ್ಟರ ಕೆಲಸ, ಅವರಿಗೊಂದು ಚೀಟಿ ಬರೆದು ಕಳಿಸುತ್ತೇನೆ.

ಹಚ್ಚುವುದನ್ನು ಕ್ಲಿನಿಕ್ಕಿನಲ್ಲೇ ಅವರ ಕೈಯಲ್ಲೇ ಮಾಡಿಸುತ್ತೇನೆ. ಸೆಟ್ಟು ತೊಳೆದು, ಒರೆಸಿ ಒಣಗಿಸಬೇಕು. ಬಾಯಿ ಮುಕ್ಕಳಿಸಬೇಕು. ಮೇಲಿನ ಸೆಟ್ಟಿಗೆ ಮೂರು ಚುಕ್ಕೆ: ಮುಂದೆ ಒಂದು, ಹಿಂದೆ ಎಡಬಲಕ್ಕೆ ಒಂದೊಂದು. ಕೆಳಗಿನದಕ್ಕೂ ಹಾಗೇ ಮೂರು. ಚುಕ್ಕೆ ಕಡಲೆಕಾಳಿಗಿಂತ ದೊಡ್ಡದು ಬೇಡ. ಅಂಚಿನ ಹತ್ತಿರ ಇಡಬಾರದು. ಕೂರಿಸಿ, ಒತ್ತಿ, ಸ್ವಲ್ಪ ಹೊತ್ತು ಹಲ್ಲು ಕಚ್ಚಿ ಹಿಡಿಯಬೇಕು. ಪಕ್ಕದಿಂದ ಪೇಸ್ಟು ಹೊರಗೆ ಬಂತೋ, ಜಾಸ್ತಿಯಾಯಿತು ಅಂತ. ಮಾರನೇ ದಿನ ಕಮ್ಮಿ ಮಾಡಿ. ದಿನಕ್ಕೆ ಒಂದೇ ಸಲ ಹಚ್ಚಬೇಕು. ಮಧ್ಯಾಹ್ನಕ್ಕೇ ಬಿಟ್ಟುಬಂದರೆ ಇನ್ನೊಂದು ಸುತ್ತು ಹಚ್ಚಬೇಡಿ, ನನಗೆ ತೋರಿಸಿ. ಪೌಡರ್ ಆದರೆ ಒದ್ದೆ ಸೆಟ್ಟಿನ ಮೇಲೆ ತೆಳುವಾಗಿ ಉದುರಿಸಿ, ಹೆಚ್ಚಾದದ್ದನ್ನು ಕೊಡವಿ ಹಾಕಬೇಕು. ನನಗೆ ಪೌಡರೇ ಇಷ್ಟ, ತೊಳೆಯುವುದು ಸುಲಭ.

ರಾತ್ರಿ ಕೆಲಸ ಹಚ್ಚುವುದಕ್ಕಿಂತ ಮುಖ್ಯ. ಉಗುರುಬೆಚ್ಚಗಿನ ನೀರು ಬಾಯಲ್ಲಿ ಮುಕ್ಕಳಿಸಿ, ಸೆಟ್ಟನ್ನು ಮೆಲ್ಲಗೆ ಅಲುಗಾಡಿಸಿ ತೆಗೆಯಿರಿ. ವಸಡಿಗೆ ಅಂಟಿದ ಪೇಸ್ಟನ್ನು ಒದ್ದೆ ಬಟ್ಟೆಯಿಂದ ಪೂರ್ತಿ ಒರೆಸಿ. ಸೆಟ್ಟನ್ನು ಮೆತ್ತನೆ ಬ್ರಶ್ಶಿನಲ್ಲಿ ಸೋಪು ನೀರು ಹಾಕಿ ಉಜ್ಜಿ. ಹಲ್ಲುಜ್ಜುವ ಪೇಸ್ಟು ಗೀರು ಹಾಕುತ್ತೆ, ಕುದಿಯುವ ನೀರು ಸೆಟ್ಟನ್ನು ಸೊಟ್ಟಗೆ ಮಾಡುತ್ತೆ. ಬೇಸಿನ್ನಿನಲ್ಲಿ ನೀರು ತುಂಬಿಸಿ ಅದರ ಮೇಲೆ ಹಿಡಿದು ತೊಳೆಯಿರಿ, ಕೈಜಾರಿದರೂ ಒಡೆಯುವುದಿಲ್ಲ. ಮಲಗುವಾಗ ತಣ್ಣೀರಿನಲ್ಲಿ ಹಾಕಿಡಿ.

ಪೇಸ್ಟಿನ ಬದಲು ನಾನು ಹೆಚ್ಚಾಗಿ ಮಾಡುವುದು ರೀಲೈನಿಂಗ್. ಹಳೆಯ ಸೆಟ್ಟಿನ ಒಳಗೇ ಈಗಿನ ವಸಡಿನ ಅಚ್ಚು ತೆಗೆದು, ಆ ಖಾಲಿ ಜಾಗಕ್ಕೆ ಹೊಸ ಪದರ ಕೂರಿಸುವುದು. ಹಲ್ಲು, ಕಚ್ಚುವಿಕೆ ಚೆನ್ನಾಗಿದ್ದರೆ ಹೊಸ ಸೆಟ್ಟಿನ ಖರ್ಚು ಉಳಿಯುತ್ತೆ. ವಸಡು ನೊಂದಿದ್ದರೆ ಮೊದಲು ಮೆತ್ತನೆಯ ತಾತ್ಕಾಲಿಕ ಪದರ ಹಾಕುತ್ತೇನೆ. ಅದು ಕೆಲವು ದಿನಗಳ ಮಾತು, ಗಟ್ಟಿಯಾಗುವ ಮುಂಚೆ ಬದಲಿಸಬೇಕು. ಹಲ್ಲೇ ಸವೆದು ಚಪ್ಪಟೆಯಾಗಿ, ಮೂಗು ಗದ್ದ ಹತ್ತಿರ ಬಂದಿದ್ದರೆ ಹೊಸ ಸೆಟ್ಟೇ ಸರಿ.

ಕೆಳದವಡೆ ತೀರಾ ಸವೆದಿದ್ದರೆ ಎರಡು ಇಂಪ್ಲಾಂಟ್, ಅಂದರೆ ಮೂಳೆಯೊಳಗೆ ಕೂರಿಸುವ ತಿರುಪು, ಹಾಕಿ, ಅದಕ್ಕೆ ಸೆಟ್ಟನ್ನು ಟಿಚ್ ಗುಂಡಿಯ ರೀತಿ ಕಚ್ಚಿಸಬಹುದು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಸಭೆ ಸೇರಿದ ತಜ್ಞರು ಹಲ್ಲಿಲ್ಲದ ಕೆಳದವಡೆಗೆ ಇದೇ ಮೊದಲ ಆಯ್ಕೆಯಾಗಬೇಕು ಅಂದರು. ನನಗೂ ಅದು ಒಪ್ಪಿಗೆ. ಆದರೆ ಖರ್ಚು ಎಲ್ಲರ ಕೈಗೆಟುಕುವುದಿಲ್ಲ, ಇದು ನನಗೆ ತುಂಬಾ ಬೇಜಾರಿನ ವಿಷಯ. ಆ ಗುಂಡಿಯ ಒಳಗಿನ ರಬ್ಬರ್ ಬಳೆ ಸವೆದಾಗ ಬದಲಿಸುತ್ತಲೂ ಇರಬೇಕು. ಕೈಯಲ್ಲಿ ಆಗದವರಿಗೆ ದಂತ ವೈದ್ಯಕೀಯ ಕಾಲೇಜಿನ ದಾರಿ ತೋರಿಸುತ್ತೇನೆ. ಬಿಪಿಎಲ್ ಕಾರ್ಡ್ ಇರುವ ಹಿರಿಯರಿಗೆ ಉಚಿತ ಸೆಟ್ಟು ಕೊಡಲೆಂದೇ ರಾಜ್ಯ ಸರ್ಕಾರ ದಂತಭಾಗ್ಯ ಯೋಜನೆ ತಂದದ್ದು. ಸರ್ಕಾರಿ ಆಸ್ಪತ್ರೆಯ ದಂತ ವಿಭಾಗದಲ್ಲಿ ಕಾರ್ಡ್ ತೋರಿಸಿ ವಿಚಾರಿಸಿ.

ಮನೆಯಲ್ಲೇ ಮಾಡುವ ರಿಪೇರಿ ಮಾತ್ರ ದಯವಿಟ್ಟು ಬೇಡ. ಸೆಟ್ಟಿನ ಕೆಳಗೆ ಹತ್ತಿ, ಬಟ್ಟೆಚೂರು ಇಡುವವರಿದ್ದಾರೆ. ಅದು ಒಂದೇ ಜಾಗದಲ್ಲಿ ಒತ್ತಿ ಮೂಳೆಯನ್ನು ಇನ್ನೂ ಬೇಗ ಸವೆಸುತ್ತೆ. ಮುರಿದ ಸೆಟ್ಟಿಗೆ ಫೆವಿಕ್ವಿಕ್ ಹಾಕುತ್ತಾರೆ. ಅದು ಬಾಯಿಗೆ ಹಾಕುವ ವಸ್ತುವಲ್ಲ. ಜೊತೆಗೆ ತುಂಡುಗಳು ಕೂದಲೆಳೆಯಷ್ಟು ಆಚೀಚೆ ಕೂತರೂ ಆಮೇಲೆ ಲ್ಯಾಬಿನಲ್ಲಿ ಸರಿ ಜೋಡಿಸಲು ಬರುವುದಿಲ್ಲ. ಮುರಿದರೆ ಎಲ್ಲ ತುಂಡನ್ನೂ ಡಬ್ಬದಲ್ಲಿ ಹಾಕಿಕೊಂಡು ಬನ್ನಿ.

ಸಡಿಲವಾದ ಸೆಟ್ಟು ತೋರಿಸಲು ಬರುವ ದಿನ ಪೇಸ್ಟ್ ಹಚ್ಚದೆ ಬನ್ನಿ. ಹಿಂದಿನ ರಾತ್ರಿ ತೆಗೆದಿಟ್ಟು, ಬೆಳಿಗ್ಗೆ ಹಾಕದೆ ಕೈಯಲ್ಲೇ ಹಿಡಿದು ಬಂದರೆ ಇನ್ನೂ ಒಳ್ಳೇದು, ವಸಡು ಅದರ ನಿಜವಾದ ಆಕಾರಕ್ಕೆ ಬಂದಿರುತ್ತೆ, ಅಚ್ಚು ಸರಿಯಾಗಿ ಬರುತ್ತೆ. ಹಳೆಯ ಸೆಟ್ಟಿದ್ದರೆ ಅದನ್ನೂ, ಮಾತ್ರೆಗಳ ಚೀಟಿಯನ್ನೂ, ಬಳಸುತ್ತಿರುವ ಪೇಸ್ಟಿನ ಟ್ಯೂಬನ್ನೂ ತನ್ನಿ.