ಪಾದ್ರಿಗಳ ಕಾಲೇಜಿನಲ್ಲಿ ಸೈಕಾಲಜಿ: ನನ್ನ ಅನುಭವ

ತಿಪಟೂರಿನಲ್ಲಿ ಪಿಯುಸಿ ಆರ್ಟ್ಸ್ ಮುಗಿಸಿ ಸೈಕಾಲಜಿ ಓದ್ತೀನಿ ಅಂದಾಗ ಮನೆಯಲ್ಲಿ ಎರಡು ತಕರಾರು ಎದ್ದವು. ಹುಚ್ಚರ ಡಾಕ್ಟರ್ ಆಗಿ ಏನು ಮಾಡ್ತೀಯ ಅನ್ನೋದು ಒಂದು. ಅದನ್ನು ಪಾದ್ರಿಗಳ ಕಾಲೇಜಿನಲ್ಲೇ ಯಾಕೆ ಓದಬೇಕು ಅನ್ನೋದು ಇನ್ನೊಂದು. ಎರಡನೆಯದನ್ನು ಈಗಲೂ ಜನ ಕೇಳುತ್ತಾರೆ. ಮಗನನ್ನೋ ಮಗಳನ್ನೋ ಅಂಥ ಕಾಲೇಜಿಗೆ ಸೇರಿಸಬೇಕೆಂದಿರುವ ಅಪ್ಪ ಅಮ್ಮಂದಿರೇ ಜಾಸ್ತಿ. ಅವರಿಗೆ ಹೇಳುವುದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ನಮ್ಮಪ್ಪ ಮಾತ್ರ ತಲೆ ಕೆಡಿಸಿಕೊಳ್ಳಲಿಲ್ಲ. ಅವರು ಓದಿದ್ದು ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಇದ್ದುಕೊಂಡು. "ಸ್ವಾಮಿಗಳು ಓದಿಸಿದ ಹಾಗೆ ಇವರೂ ಓದಿಸ್ತಾರೆ. ಇವರು ಫೀಸು ತಗೋತಾರೆ, ಅಷ್ಟೇ" ಅಂದರು. ನಾನು ಸೇರಿದ್ದು ಬೆಂಗಳೂರಿನ ಹೊಸೂರು ರಸ್ತೆಯ ಕ್ರೈಸ್ಟ್‌ಗೆ. 1969ರಲ್ಲಿ ಕಾಲೇಜಾಗಿ ಶುರುವಾಗಿ 2008ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯ ಆದದ್ದು. ನಡೆಸುವವರು ಸಿಎಂಐ ಅನ್ನುವ ಕೇರಳ ಮೂಲದ ಪಾದ್ರಿಗಳ ಸಭೆ. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಕುರಿಯಾಕೋಸ್ ಎಲಿಯಾಸ್ ಚಾವರ 1846ರಲ್ಲೇ ಮನ್ನಾನಂನಲ್ಲಿ ಸಂಸ್ಕೃತ ಶಾಲೆ ತೆರೆದವರು. ಆಮೇಲೆ ಒಂದೊಂದು ಚರ್ಚಿಗೂ ಒಂದು ಶಾಲೆ ಇರಲೇಬೇಕು ಅಂತ ಹೇಳಿದರು. ಬಡಮಕ್ಕಳ ಮಧ್ಯಾಹ್ನದ ಊಟಕ್ಕೆ ಮನೆಮನೆಯಲ್ಲೂ ಒಂದು ಹಿಡಿ ಅಕ್ಕಿ ಎತ್ತಿಡಿಸಿದರು. ಇದನ್ನು ಕೇಳಿ ಅಪ್ಪನಿಗೆ ಇನ್ನೂ ಧೈರ್ಯ ಬಂತು. ನಮ್ಮ ಕಡೆ ಮಠಕ್ಕೆ ಮುಷ್ಟಿ ಅಕ್ಕಿ ಎತ್ತುವುದು ಅವರಿಗೆ ಗೊತ್ತಿತ್ತಲ್ಲ.

ಮೊದಲೇ ಹೇಳಿಬಿಡುತ್ತೇನೆ. ಸಿಲಬಸ್‌ನಲ್ಲಿ ಕ್ರೈಸ್ತ ಧರ್ಮ ಎಲ್ಲೂ ಇರಲಿಲ್ಲ. 1879ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಸೈಕಾಲಜಿಗೆ ಅಂತಲೇ ಪ್ರಯೋಗಶಾಲೆ ತೆರೆದ ವುಂಟ್, ಆಮೇಲೆ ಫ್ರಾಯ್ಡ್, ಪಾವ್ಲೋವ್, ಸ್ಕಿನ್ನರ್, ಬೇರೆ ಕಡೆ ಓದುವುದನ್ನೇ ನಾವೂ ಓದಿದೆವು. ದೊಡ್ಡ ಸಮಾರಂಭಗಳಲ್ಲಿ ಪ್ರಾರ್ಥನೆ ಇರುತ್ತಿತ್ತು, ದೀಪವನ್ನೂ ಹಚ್ಚುತ್ತಿದ್ದರು. ಚಾಪೆಲ್‌ಗೆ ಬಾ ಅಂತ ಮೂರು ವರ್ಷದಲ್ಲಿ ಯಾರೂ ಕರೆಯಲಿಲ್ಲ. ಪರೀಕ್ಷೆ ಹತ್ತಿರ ಬಂದಾಗ ನಾನೇ ಹೋಗಿ ಸುಮ್ನೆ ಕೂತಿದ್ದುಂಟು, ಒಳಗೆ ತಂಪಾಗಿರುತ್ತಿತ್ತು. ಕಟ್ಟುನಿಟ್ಟು ಇದ್ದದ್ದು ಬೇರೆ ವಿಷಯದಲ್ಲಿ. ಹಾಜರಾತಿ ಶೇಕಡ 85 ಇರಲೇಬೇಕು, ಬಟ್ಟೆ ಫಾರ್ಮಲ್ ಆಗಿರಬೇಕು, ಸಿಐಎ ಅನ್ನುವ ಆಂತರಿಕ ಮೌಲ್ಯಮಾಪನ ವರ್ಷಪೂರ್ತಿ ಬೆನ್ನ ಹಿಂದೆ ಇರುತ್ತದೆ. ಕೊನೇ ವಾರ ಓದಿ ಪಾಸಾಗುವ ಅಭ್ಯಾಸ ಇರುವವರು ಇಲ್ಲಿಗೆ ಬರುವ ಮುಂಚೆ ಯೋಚನೆ ಮಾಡಬೇಕು.

ನನಗೆ ಕುತೂಹಲ ಇದ್ದದ್ದು, ಧರ್ಮವನ್ನು ಭ್ರಮೆ ಅಂದ ಫ್ರಾಯ್ಡ್‌ನನ್ನು ಇವರು ಹೇಗೆ ಪಾಠ ಮಾಡ್ತಾರೆ ಅಂತ. 1927ರ ಪುಸ್ತಕದಲ್ಲಿ ಆತ ಹೇಳಿದ್ದು, ದೇವರು ಅಂದರೆ ಮಗುವಿಗೆ ತಂದೆಯ ಆಸರೆ ಬೇಕು ಅನ್ನುವ ಆಸೆ ದೊಡ್ಡದಾಗಿ ಬೆಳೆದದ್ದು ಅಂತ. ಅದನ್ನು ನಮಗೆ ಹೇಳಿಕೊಟ್ಟವರು ಒಬ್ಬ ಫಾದರ್. ಫ್ರಾಯ್ಡ್‌ನ ವಾದವನ್ನು ಅವನಿಗಿಂತ ಚೆನ್ನಾಗಿ ಕಟ್ಟಿ ನಿಲ್ಲಿಸಿದರು. ಆಮೇಲೆ, ಅದಕ್ಕೆ ಸಾಕ್ಷಿ ಏನು, ಅದನ್ನು ಪರೀಕ್ಷೆ ಮಾಡೋಕೆ ಆಗುತ್ತಾ ಅಂತ ನಮ್ಮನ್ನೇ ಕೇಳಿದರು. ಸ್ವಂತ ನಂಬಿಕೆಯನ್ನು ಬಾಯಿಗೂ ತರಲಿಲ್ಲ. ಕ್ಲಾಸಿನಲ್ಲಿ ಕೆಲವರಿಗೆ ಇದು ನಿರಾಸೆ, ಜಗಳ ನೋಡೋಕೆ ಬಂದಿದ್ದರು ಪಾಪ.

ನನ್ನ ಕಾಂಬಿನೇಷನ್ ಸೈಕಾಲಜಿ, ಸೋಷಿಯಾಲಜಿ, ಇಂಗ್ಲಿಷ್. ಮೂರೂ ಮೇಜರ್. ಕನ್ನಡ ಮಾಧ್ಯಮದಿಂದ ಬಂದವಳಿಗೆ ಮೊದಲ ಸೆಮಿಸ್ಟರ್ ಕಷ್ಟ ಆಯಿತು. ನಾನು ಕಂಡುಕೊಂಡ ದಾರಿ ಏನೂ ದೊಡ್ಡದಲ್ಲ. ಸಂಜೆ ರೂಮಿಗೆ ಬಂದ ಮೇಲೆ ಅವತ್ತಿನ ಒಂದೊಂದು ಪರಿಕಲ್ಪನೆಗೂ ನಮ್ಮ ಮನೆಯ ಒಂದು ಉದಾಹರಣೆ ಹುಡುಕಿ ಕನ್ನಡದಲ್ಲಿ ಬರೆದಿಡುತ್ತಿದ್ದೆ. ನೆಗೆಟಿವ್ ರೀಇನ್‌ಫೋರ್ಸ್‌ಮೆಂಟ್ ಅಂದರೆ ಶಿಕ್ಷೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಅಲ್ಲ. ನಾನು ಪೊರಕೆ ಹಿಡಿದ ತಕ್ಷಣ ಅಮ್ಮನ ಗೊಣಗಾಟ ನಿಲ್ಲುತ್ತದೆ, ಹಾಗಾಗಿ ನಾಳೆಯೂ ಪೊರಕೆ ಹಿಡಿಯುತ್ತೇನೆ. ಇದು ಅದು. ಕಿರಿಕಿರಿ ಹೋದದ್ದರಿಂದ ಕೆಲಸ ಜಾಸ್ತಿ ಆಗುತ್ತದೆ. ಮೊದಲು ತಲೆಗೆ ಬಂದ ಸಂಖ್ಯೆಗೇ ಅಂಟಿಕೊಂಡು ಮುಂದಿನದನ್ನು ಅಳೆಯುವುದಕ್ಕೆ ಆಂಕರಿಂಗ್ ಅನ್ನುತ್ತಾರೆ. ಅದಕ್ಕೆ ಕೊಬ್ಬರಿ ಮಾರುಕಟ್ಟೆ ಸಿಕ್ಕಿತು. ಅಪ್ಪನ ತಲೆಯಲ್ಲಿ ಹೋದ ವಾರದ ರೇಟು ಕೂತಿರುತ್ತದೆ. ಈ ವಾರದ್ದು ಅದಕ್ಕಿಂತ ಕಮ್ಮಿ ಆದರೆ ಲಾಭ ಬಂದಿದ್ದರೂ ಅವರಿಗೆ ನಷ್ಟವೇ. ಹೀಗೆ ಬರೆದ ನೋಟ್‌ಬುಕ್ಕನ್ನು ಪರೀಕ್ಷೆಯ ಹಿಂದಿನ ರಾತ್ರಿ ಇಂಗ್ಲಿಷ್ ಮೀಡಿಯಂ ಗೆಳತಿಯರೂ ಓದಿಸಿಕೊಂಡು ಕೇಳಿದ್ದಾರೆ.

ಪ್ರಾಕ್ಟಿಕಲ್ಸ್ ನನಗೆ ತುಂಬಾ ಇಷ್ಟ. ಮಿರರ್ ಡ್ರಾಯಿಂಗ್ ಅಂತ ಒಂದಿದೆ. ಕೈ ಕಾಣದ ಹಾಗೆ ಅಡ್ಡ ಹಲಗೆ ಇಟ್ಟಿರುತ್ತಾರೆ. ಕನ್ನಡಿಯಲ್ಲಿ ಮಾತ್ರ ನೋಡಿಕೊಂಡು ನಕ್ಷತ್ರದ ಎರಡು ಗೆರೆಗಳ ನಡುವೆ ಪೆನ್ಸಿಲ್ ಓಡಿಸಬೇಕು. ಮೊದಲ ಸಲ ಎಂಥ ಜಾಣರ ಕೈಯೂ ಮೂಲೆಯಲ್ಲಿ ನಿಂತು ನಡುಗುತ್ತದೆ. ಎಡಗೈಯಲ್ಲಿ ಒಮ್ಮೆ ಮಾಡಿಸಿ, ಬಲಗೈಗೆ ಚೆನ್ನಾಗಿ ಅಭ್ಯಾಸ ಕೊಟ್ಟು, ಮತ್ತೆ ಎಡಗೈಗೆ ಬಂದರೆ ಎಡಗೈಯೂ ಸುಧಾರಿಸಿರುತ್ತದೆ! ಕಲಿತದ್ದು ಬಲಗೈ, ಲಾಭ ಎಡಗೈಗೂ ಬಂತು. ಪುಸ್ತಕದಲ್ಲಿ ಓದಿದರೆ ಒಂದು ಸಾಲು. ಸ್ಟಾಪ್‌ವಾಚ್ ಹಿಡಿದು ನೋಡಿದರೆ ಮರೆಯೋಕೆ ಆಗಲ್ಲ. ಆಮೇಲೆ ಒಂದೇ ಉದ್ದದ ಗೆರೆಗಳು ಉದ್ದ ಗಿಡ್ಡ ಕಾಣುವ ಮುಲ್ಲರ್-ಲಯರ್ ಭ್ರಮೆ, ಬಣ್ಣದ ಹೆಸರನ್ನು ಬೇರೆ ಬಣ್ಣದ ಶಾಯಿಯಲ್ಲಿ ಬರೆದು ಶಾಯಿಯ ಬಣ್ಣ ಹೇಳಿಸುವ 1935ರ ಸ್ಟ್ರೂಪ್ ಪರೀಕ್ಷೆ, ಬಿಟ್ಟ ತುಂಡನ್ನು ಹುಡುಕಿಸಿ ಬುದ್ಧಿ ಅಳೆಯುವ ರೇವನ್‌ನ ಅರವತ್ತು ಚಿತ್ರಗಳ ಮ್ಯಾಟ್ರಿಸಸ್, ಸಿ.ಎಂ. ಭಾಟಿಯಾ ಭಾರತದ ಮಕ್ಕಳಿಗಾಗಿ ಮಾಡಿದ ಬುದ್ಧಿಶಕ್ತಿ ಪರೀಕ್ಷೆ. ಸಬ್ಜೆಕ್ಟ್ ಆಗಿ, ಅಂದರೆ ನಮ್ಮ ಪ್ರಯೋಗ ಮಾಡಿಸಿಕೊಳ್ಳೋಕೆ, ಕೂರೋಕೆ ಜನ ಸಿಗುವುದಿಲ್ಲ, ಅದೇ ಕಷ್ಟ. ಪಿಜಿಯ ರೂಮ್‌ಮೇಟ್‌ಗಳಿಗೆ ಊರಿನಿಂದ ತಂದ ಕೊಬ್ಬರಿ ಮಿಠಾಯಿ ಕೊಟ್ಟು ಕೂರಿಸುತ್ತಿದ್ದೆ. ರೆಕಾರ್ಡ್ ಬುಕ್ಕಿನಲ್ಲಿ ಮಿಠಾಯಿ ವಿಷಯ ಬರೆಯಲಿಲ್ಲ.

ಸ್ಟಾಟಿಸ್ಟಿಕ್ಸ್ ಬಗ್ಗೆ ಒಂದು ಮಾತು. ಲೆಕ್ಕ ಬೇಡ ಅಂತ ಆರ್ಟ್ಸ್ ತಗೊಂಡವರು ಇಲ್ಲಿ ಸಿಕ್ಕಿಬೀಳುತ್ತಾರೆ. ಸರಾಸರಿ, ಸ್ಟಾಂಡರ್ಡ್ ಡಿವಿಯೇಷನ್, ಕೋರಿಲೇಷನ್ ಇಲ್ಲದೆ ಸೈಕಾಲಜಿ ಇಲ್ಲ. ಹತ್ತನೇ ಕ್ಲಾಸಿನ ಗಣಿತ ಸಾಕು, ಹೆದರಬೇಡಿ.

ಈಗ ನಿಜವಾಗಿ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ಕ್ರೈಸ್ಟ್‌ನಲ್ಲಿ ಸೇವೆ ಅನ್ನುವ ಮಾತು ಕಿವಿಗೆ ಬೀಳದ ದಿನ ಇಲ್ಲ. ಅದರ ಧ್ಯೇಯವಾಕ್ಯದಲ್ಲೇ ಅದು ಇದೆ. ಸೋಷಿಯಲ್ ಸೈಕಾಲಜಿ ಕ್ಲಾಸಿನಲ್ಲಿ ಒಂದು ದಿನ ಡಾರ್ಲಿ ಮತ್ತು ಬ್ಯಾಟ್ಸನ್ 1973ರಲ್ಲಿ ಪ್ರಕಟಿಸಿದ ಪ್ರಯೋಗ ಬಂತು. ನಮ್ಮ ಬ್ಯಾಚಿನಲ್ಲಿ ಪಾದ್ರಿಯಾಗಲು ಓದುತ್ತಿದ್ದ ಒಬ್ಬ ಬ್ರದರ್ ಇದ್ದರು. ಮೊದಲು ಅವರಿಂದ ಬೈಬಲ್‌ನ ಸಮಾರ್ಯದವನ ಕಥೆ ಹೇಳಿಸಿದರು. ಜೆರುಸಲೇಮಿನಿಂದ ಜೆರಿಕೋಗೆ ಹೋಗುವ ದಾರಿಯಲ್ಲಿ ಕಳ್ಳರು ಒಬ್ಬನನ್ನು ಹೊಡೆದು ಬಿಸಾಡಿರುತ್ತಾರೆ. ಪುರೋಹಿತ ನೋಡಿಕೊಂಡು ಆಚೆ ಬದಿಯಲ್ಲಿ ಹೋಗುತ್ತಾನೆ, ದೇವಾಲಯದ ಸೇವೆ ಮಾಡುವ ಲೇವಿಯವನೂ ಹೋಗುತ್ತಾನೆ. ಯಾರೂ ಸೇರಿಸದ ಸಮಾರ್ಯದವನು ನಿಂತು ಗಾಯಕ್ಕೆ ಎಣ್ಣೆ ಹಚ್ಚಿ ಛತ್ರಕ್ಕೆ ಸಾಗಿಸುತ್ತಾನೆ.

ಪ್ರಯೋಗ ನಡೆದದ್ದು ಅಮೆರಿಕದ ಪ್ರಿನ್ಸ್‌ಟನ್‌ನ ಸೆಮಿನರಿಯಲ್ಲಿ, ಪಾದ್ರಿ ಆಗುವವರ ಮೇಲೆ. ಕೆಲವರಿಗೆ ಇದೇ ಕಥೆಯ ಬಗ್ಗೆ ಪಕ್ಕದ ಕಟ್ಟಡದಲ್ಲಿ ಭಾಷಣ ಮಾಡಿ ಅಂದರು, ಉಳಿದವರಿಗೆ ಉದ್ಯೋಗದ ಬಗ್ಗೆ. ಕೆಲವರಿಗೆ "ಆಗಲೇ ಲೇಟಾಯ್ತು, ಓಡಿ" ಅಂದರು, ಕೆಲವರಿಗೆ "ಇನ್ನೂ ಟೈಮಿದೆ" ಅಂದರು. ದಾರಿಯ ಓಣಿಯಲ್ಲಿ ಒಬ್ಬ ಕುಸಿದು ಕೂತು ಕೆಮ್ಮುತ್ತಾ ನರಳುತ್ತಿದ್ದ. ಅವನು ಪ್ರಯೋಗದವರೇ ಕೂರಿಸಿದ ಮನುಷ್ಯ. ಟೈಮಿದ್ದವರಲ್ಲಿ ಶೇಕಡ 63 ಮಂದಿ ಸಹಾಯ ಮಾಡಿದರು. ಲೇಟಾದವರಲ್ಲಿ ಶೇಕಡ 10. ಭಾಷಣದ ವಿಷಯ ಸಮಾರ್ಯದವನ ಕಥೆಯೇ ಆಗಿದ್ದರೂ ಖಚಿತ ಅನ್ನುವಂಥ ವ್ಯತ್ಯಾಸ ಕಾಣಲಿಲ್ಲ. ಒಟ್ಟು 40 ಜನರ ಸಣ್ಣ ಪ್ರಯೋಗ ಇದು, ಅದನ್ನೂ ನೆನಪಿಡಬೇಕು.

ಎಲ್ಲರೂ ಬ್ರದರ್ ಕಡೆ ತಿರುಗಿದೆವು. ಅವರೇ ಮೊದಲು ನಕ್ಕರು. ನಮ್ಮ ಸೆಮಿನರಿ ಗಂಟೆ ಹೊಡೆದಾಗ ನಾವೂ ಹಾಗೇ ಓಡ್ತೀವಿ ಅಂದರು. ನನಗೆ ಆ ಕ್ಲಾಸಿನಲ್ಲಿ ಹಿಡಿದದ್ದು ಇದು. ಒಳ್ಳೆಯ ಮನಸ್ಸು ಇದೆಯಾ ಅಂತ ಕೇಳುವುದಕ್ಕಿಂತ, ಒಳ್ಳೆಯ ಮನಸ್ಸು ಕೆಲಸ ಮಾಡೋಕೆ ಜಾಗ ಇದೆಯಾ ಅಂತ ನೋಡಬೇಕು. ಸೇವೆಯ ಮಾತನ್ನು ದಿನಾ ಆಡುವ ಕಡೆ ಕೂತು ಇದನ್ನು ಓದಿದ್ದಕ್ಕೇ ಇದು ನಾಟಿತು ಅನ್ನಿಸುತ್ತದೆ. ಬೇರೆ ಎಲ್ಲಾದರೂ ಆಗಿದ್ದರೆ ಸುಮ್ನೆ ಇನ್ನೊಂದು ಪ್ರಯೋಗ ಅಂತ ಬಿಡುತ್ತಿದ್ದೆನೇನೋ.

ಆ ಬ್ರದರ್ ಜೊತೆಗೆ ನಡೆದ ಇನ್ನೊಂದು ಮಾತು ಕೆಲಸಕ್ಕೆ ಬಂತು. ಪಾದ್ರಿಯ ಮುಂದೆ ತಪ್ಪು ಒಪ್ಪಿಕೊಳ್ಳುವ ಕನ್ಫೆಷನ್‌ಗೂ ಕೌನ್ಸೆಲಿಂಗ್‌ಗೂ ಏನು ವ್ಯತ್ಯಾಸ ಅಂತ. ಕನ್ಫೆಷನ್‌ನಲ್ಲಿ ಕೇಳಿದ್ದನ್ನು ಪಾದ್ರಿ ಯಾವ ಕಾರಣಕ್ಕೂ, ಯಾರ ಮುಂದೆಯೂ ಬಾಯಿ ಬಿಡುವಂತಿಲ್ಲ. ನಮಗೆ ಹಾಗಲ್ಲ. ಗುಟ್ಟು ಕಾಪಾಡುವುದು ನಮ್ಮ ಧರ್ಮವೇ, ಆದರೆ ಜೀವಕ್ಕೆ ಅಪಾಯ ಇದ್ದರೆ ಹೇಳಲೇಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸದೆ ಇರುವುದೇ ಅಪರಾಧ. ಈಗ ನಾನು ಯಾವ ಮಗುವಿನ ಜೊತೆ ಕೂತರೂ ಈ ಎಲ್ಲೆಯನ್ನು ಮೊದಲೇ, ಸರಳವಾಗಿ ಹೇಳಿಬಿಡುತ್ತೇನೆ.

ಕೌನ್ಸೆಲಿಂಗ್ ಕಲಿಯುವಾಗ ಮೂವರ ಗುಂಪು ಮಾಡುತ್ತಾರೆ. ಒಬ್ಬರು ಕೌನ್ಸೆಲರ್, ಒಬ್ಬರು ಕಷ್ಟ ಹೇಳುವವರು, ಒಬ್ಬರು ನೋಡುತ್ತಾ ಕೂರುವವರು. ಇದರಲ್ಲಿ ಬಾಯಿ ಮುಚ್ಚಿಕೊಂಡು ಇರುವುದೇ ದೊಡ್ಡ ಪಾಠ. ನಮ್ಮ ಕಡೆ ಕಷ್ಟ ಅಂತ ಬಂದವರಿಗೆ ಎರಡೇ ನಿಮಿಷದಲ್ಲಿ "ಹೀಗೆ ಮಾಡು" ಅನ್ನದಿದ್ದರೆ ಅದು ಅಕ್ಕರೆಯೇ ಅಲ್ಲ, ಅಲ್ವಾ? ಅಮೆರಿಕದ ಸೈಕಾಲಜಿಸ್ಟ್ ಕಾರ್ಲ್ ರೋಜರ್ಸ್ ಹೇಳುವುದು ಇದಕ್ಕೆ ಪೂರ್ತಿ ಉಲ್ಟಾ. ಎದುರಿಗಿರುವವರನ್ನು ಷರತ್ತಿಲ್ಲದೆ ಒಪ್ಪಿಕೊಳ್ಳಿ, ದಾರಿ ಅವರೇ ಹುಡುಕಲಿ. ರೋಜರ್ಸ್ ಕೂಡ ಪಾದ್ರಿ ಆಗಬೇಕೆಂದು ಸೆಮಿನರಿ ಸೇರಿ, ಅದನ್ನು ಬಿಟ್ಟು ಸೈಕಾಲಜಿಗೆ ಬಂದವರು. ನಮ್ಮ ಫಾದರ್ ಇದನ್ನು ಹೇಳುವಾಗ ಮಾತ್ರ ಸ್ವಲ್ಪ ತುಂಟನಗೆ ಬರುತ್ತಿತ್ತು.

ಜಾಗದ ಲಾಭವನ್ನೂ ಹೇಳಬೇಕು. ಡೈರಿ ಸರ್ಕಲ್ ದಾಟಿದರೆ ನಿಮ್ಹಾನ್ಸ್. ಅಲ್ಲಿನ ಮೆದುಳಿನ ಮ್ಯೂಸಿಯಂನಲ್ಲಿ ಕೈಗವಸು ಹಾಕಿಕೊಂಡು ನಿಜವಾದ ಮೆದುಳು ಹಿಡಿದಾಗ ಎಷ್ಟು ಚಿಕ್ಕದು ಅನ್ನಿಸಿತು. ಬರೀ ಒಂದೂಕಾಲು, ಒಂದೂವರೆ ಕಿಲೋ ನಡುವೆ ಇರುತ್ತದೆ. ನಮ್ಮ ರಾಜ್ಯದಲ್ಲಿ ಈ ವಿದ್ಯೆ ಹೊಸದೂ ಅಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲೇ ಎಂ.ವಿ. ಗೋಪಾಲಸ್ವಾಮಿ ಸೈಕಾಲಜಿ ವಿಭಾಗ ಶುರು ಮಾಡಿದರು. 1935ರಲ್ಲಿ ಮನೆಯಲ್ಲೇ ಆಕಾಶವಾಣಿ ಅಂತ ಹೆಸರಿಟ್ಟು ರೇಡಿಯೋ ನಡೆಸಿದವರೂ ಅವರೇ. ಈ ಎರಡನೆಯದು ಬಹಳ ಜನಕ್ಕೆ ಗೊತ್ತು, ಮೊದಲನೆಯದು ಗೊತ್ತಿಲ್ಲ.

ಸೇರುವವರು ಒಂದು ವಿಷಯ ಸರಿಯಾಗಿ ತಿಳಿದುಕೊಂಡಿರಬೇಕು. ಬಿಎ ಮುಗಿಸಿದರೆ ಯಾರೂ ಸೈಕಾಲಜಿಸ್ಟ್ ಆಗುವುದಿಲ್ಲ. ನಾನು ಆಮೇಲೆ ಎರಡು ವರ್ಷ ಎಂಎಸ್ಸಿ ಓದಿದೆ, ಕೌನ್ಸೆಲಿಂಗ್‌ನಲ್ಲಿ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕಬೇಕಾದರೆ ಭಾರತೀಯ ಪುನರ್ವಸತಿ ಪರಿಷತ್ತು ಒಪ್ಪಿದ ಕೋರ್ಸ್ ಮಾಡಿ ಅಲ್ಲಿ ಹೆಸರು ನೋಂದಾಯಿಸಬೇಕು. ನನ್ನ ಕಾಲದಲ್ಲಿ ಅದು ಎರಡು ವರ್ಷದ ಎಂಫಿಲ್. ನಿಯಮಗಳು ಬದಲಾಗುತ್ತಿವೆ, ಸೇರುವ ವರ್ಷದ ನಿಯಮವನ್ನೇ ನೋಡಿ. ಔಷಧಿ ಬರೆಯುವವರು ಸೈಕಿಯಾಟ್ರಿಸ್ಟ್, ಅವರು ಎಂಬಿಬಿಎಸ್ ಓದಿ ಬಂದ ಡಾಕ್ಟರುಗಳು. ಇನ್ನು ಕಾಲೇಜು ಕ್ರೈಸ್ಟೇ ಆಗಬೇಕು ಅಂತಿಲ್ಲ. ಬೆಂಗಳೂರಿನಲ್ಲಿ ಮೌಂಟ್ ಕಾರ್ಮೆಲ್, ಜ್ಯೋತಿ ನಿವಾಸ್, ಮಾಂಟ್‌ಫೋರ್ಟ್ ಇವೆ. ಮಂಗಳೂರಿನ ಕಡೆಯವರಿಗೆ ರೋಶನಿ ನಿಲಯ ಇದೆ. ಫೀಸು ಸರ್ಕಾರಿ ಕಾಲೇಜಿಗಿಂತ ಜಾಸ್ತಿ, ಅದನ್ನು ಮನೆಯಲ್ಲಿ ಕೂತು ಮೊದಲೇ ಲೆಕ್ಕ ಹಾಕಿ.

ಈಗ ನಾನು ಒಂದು ಹೈಸ್ಕೂಲಿನಲ್ಲಿ ಕೌನ್ಸೆಲರ್. ಸೇರಿದ ಹೊಸದರಲ್ಲಿ ಟೀಚರ್‌ಗಳು ಮಕ್ಕಳನ್ನು ನನ್ನ ಹತ್ತಿರ ಕಳಿಸುತ್ತಲೇ ಇರಲಿಲ್ಲ. ಅವರಿಗೆ ಕಾಳಜಿ ಇಲ್ಲ ಅಂತ ಹೆಡ್‌ಮೇಡಂ ಹೇಳುತ್ತಿದ್ದರು, ಮೀಟಿಂಗ್ ಕರೆದು ಭಾಷಣ ಮಾಡಿ ಅಂತ ನನಗೂ ಹೇಳಿದರು. ನಾನು ಅದರ ಬದಲು ಅವರ ಟೈಮ್‌ಟೇಬಲ್ ತೆಗೆದು ನೋಡಿದೆ. ಒಂದು ಪೀರಿಯಡ್ ಮುಗಿದ ತಕ್ಷಣ ಇನ್ನೊಂದು, ಊಟದ ಹೊತ್ತಿನಲ್ಲಿ ಬಿಸಿಯೂಟದ ಡ್ಯೂಟಿ. ಒಂದು ಮಗು ಮಂಕಾಗಿ ಕೂತಿದೆ ಅಂತ ಕಂಡರೂ ನಿಂತು ವಿಚಾರಿಸಲು ಪುರುಸೊತ್ತಿಲ್ಲ. ಊಟದ ಡ್ಯೂಟಿಯನ್ನು ಸರದಿ ಮಾಡಿಸಿ, ಡ್ಯೂಟಿ ಇಲ್ಲದ ಕ್ಲಾಸ್ ಟೀಚರ್‌ಗೆ ಹತ್ತು ನಿಮಿಷ ಬಿಡುವು ಸಿಗುವ ಹಾಗೆ ಕೇಳಿಕೊಂಡೆ. ನನ್ನ ಮೇಜನ್ನೂ ಮಹಡಿಯಿಂದ ಸ್ಟಾಫ್ ರೂಮಿನ ಪಕ್ಕಕ್ಕೆ ತಂದೆ. ಈಗ ಟೀಚರ್‌ಗಳು ಬಾಗಿಲಲ್ಲಿ ನಿಂತು "ಸ್ವಲ್ಪ ಆ ಎಂಟನೇ ಕ್ಲಾಸಿನ ಹುಡುಗನ್ನ ನೋಡಿ" ಅಂತ ಹೇಳಿ ಹೋಗುತ್ತಾರೆ. ಶುಕ್ರವಾರ ಮಾತ್ರ ಇನ್ನೂ ಬಿಡುವು ಸಿಕ್ಕಿಲ್ಲ, ಅವತ್ತು ಆ ಹೊತ್ತಿಗೆ ಸ್ಕೌಟ್ಸ್ ಇರುತ್ತದೆ. ಪಿಟಿ ಮೇಷ್ಟ್ರ ಹತ್ತಿರ ಮಾತಾಡಬೇಕು.